ಹಾಡುವ ಫೋರ್ಕ್: ತುತ್ತಿಗೊಂದು ಸ್ವರ

ಹುರುಳಿಕಾಯಿ ಪಲ್ಯ ಕಂಡರೆ ತಟ್ಟೆ ಸರಿಸುವ ಮಕ್ಕಳಿಗೆಂದು ಮೈಸೂರಿನ ನಮ್ಮ ಮನೆಯಲ್ಲಿ ಮಾಡಿಕೊಂಡ ಸಾಧನವಿದು. ಮೊಬೈಲ್ ತೋರಿಸಿ ಉಣಿಸಿದರೆ ಬಾಯಿಗೆ ಏನು ಬಿತ್ತೆಂದೇ ಮಗುವಿಗೆ ಗೊತ್ತಾಗುವುದಿಲ್ಲ. ಇದರಲ್ಲಿ ಪರದೆಯೇ ಇಲ್ಲ. ತುತ್ತು ಬಾಯಿಗೆ ತಾಗಿದರೆ ಒಂದು ಸ್ವರ ಕೇಳುತ್ತದೆ, ಅಷ್ಟೆ. ತರಕಾರಿ ಮುಟ್ಟಿದರೆ ಸದ್ದು ಮಾಡುವ ಆಟಿಕೆಗಳೂ ಉಂಟು. ಅವುಗಳಲ್ಲಿ ಮಕ್ಕಳು ತರಕಾರಿ ಚುಚ್ಚಿ ಆಡುತ್ತಾರೆ, ತಿನ್ನುವುದಿಲ್ಲ.

ಬೇಕಾದದ್ದು ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್), 1 ಮೆಗಾಓಮ್ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ), ಪ್ಯಾಸಿವ್ ಬಜರ್ (ಹೇಳಿದ ಸ್ವರ ನುಡಿಸುವ ಪುಟ್ಟ ಸ್ಪೀಕರ್), ಮೂರು ಎಎ ಸೆಲ್, ಸ್ಟೀಲ್ ಫೋರ್ಕ್, ತಾಮ್ರದ ಟೇಪ್, ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ಅಂಟಿಕೊಳ್ಳುವ, ಕರೆಂಟ್ ಹರಿಯಗೊಡದ ಪ್ಲಾಸ್ಟಿಕ್ ಕೊಳವೆ). ಫೋರ್ಕಿನ ಹಿಡಿಗೆ ಟ್ಯೂಬ್ ತೊಡಿಸಿ, ಮೇಲೆ ಟೇಪ್ ಸುತ್ತಿ. ಟೇಪಿನ ವೈರ್ ಗ್ರೌಂಡಿಗೆ, ಫೋರ್ಕಿನದು ವೋಲ್ಟೇಜ್ ಅಳೆಯುವ ಎ0 ಪಿನ್ನಿಗೆ. ಎ0ಗೂ 5 ವೋಲ್ಟ್ ಪಿನ್ನಿಗೂ ನಡುವೆ ರೆಸಿಸ್ಟರ್. ಸ್ಟೀಲಿಗೆ ಮಾಮೂಲಿ ಸೋಲ್ಡರ್ ಹಿಡಿಯದು. ಹಿಡಿಯ ತುದಿಗೆ ತೂತು ಕೊರೆದು ವೈರನ್ನು ಸ್ಕ್ರೂ ಹಾಕಿ ಬಿಗಿಯಿರಿ.

ಟೇಪ್ ಹಿಡಿದ ಮಗುವಿನ ಬಾಯಿಗೆ ಫೋರ್ಕಿನ ತುತ್ತು ತಾಗಿದಾಗ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಆಗ ಬಾಯಿಂದ ಕೈಯವರೆಗೆ ಹರಿಯುವ ಕರೆಂಟ್ 5 ಮೈಕ್ರೊಆಂಪ್ ಕೂಡ ಇರುವುದಿಲ್ಲ. ಆದರೂ ಮಗು ಹಿಡಿದಿರುವಾಗ ಲ್ಯಾಪ್‌ಟಾಪಿಗಾಗಲಿ ಚಾರ್ಜರಿಗಾಗಲಿ ಸಿಕ್ಕಿಸಲೇಬೇಡಿ. ಪವರ್ ಬ್ಯಾಂಕ್ ಕೂಡ ಬೇಡ: ನ್ಯಾನೊ ಎಳೆಯುವುದು ತೀರಾ ಕಡಿಮೆ, ಎಷ್ಟೋ ಪವರ್ ಬ್ಯಾಂಕುಗಳು ತಾವಾಗಿಯೇ ಆಫ್ ಆಗುತ್ತವೆ.

ಸುಮ್ಮನಿದ್ದಾಗ ಎ0 ಪಿನ್ನಿನ ರೀಡಿಂಗ್ 1023ರ ಆಸುಪಾಸು. 700ಕ್ಕಿಂತ ಕೆಳಗಿಳಿದರೆ ತುತ್ತು ತಾಗಿತೆಂದು ಲೆಕ್ಕ. ಕೈ ಒಣಗಿದ್ದರೆ ಅಷ್ಟು ಇಳಿಯದಿರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸರಿಹೋಗುತ್ತದೆ. ತಾನಾಗಿ ಕೂಗುತ್ತಿದ್ದರೆ ಅದು ಮನೆಯ ವೈರಿಂಗಿನ 50 ಹರ್ಟ್ಸ್ ಗಲಾಟೆ. ಮಿಲಿಸೆಕೆಂಡಿಗೊಂದರಂತೆ 20 ರೀಡಿಂಗ್ ತೆಗೆದು ಸರಾಸರಿ ಮಾಡಿ. ಒಂದು ಪೂರ್ತಿ ಅಲೆ ಅದರಲ್ಲೇ ಮುಗಿಯುವುದರಿಂದ ಗಲಾಟೆ ಅಳಿಯುತ್ತದೆ. ಸದ್ದು ನಿಲ್ಲದೇ ಇದ್ದರೆ ಪಲ್ಯದ ನೀರು ಟೇಪಿನವರೆಗೆ ಹರಿದಿದೆ. ಬರಿ ಸ್ಟೀಲಿಗೂ ಟೇಪಿಗೂ ನಡುವೆ ಎರಡು ಬೆರಳಷ್ಟು ಟ್ಯೂಬ್ ಖಾಲಿ ಬಿಡಬೇಕು.

ಸ್ವರಕ್ಕೆ ಮಾಯಾಮಾಳವಗೌಳ ರಾಗ ಇಟ್ಟಿದ್ದೇವೆ, ಸಂಗೀತ ಪಾಠಕ್ಕೆ ಹೋಗುವ ಮಕ್ಕಳಿಗೆ ಮೊದಮೊದಲ ಪಾಠವಾದ ಸರಳೆ ವರಸೆಯಿಂದಲೇ ಪರಿಚಯ. ‘ಸ’ದಿಂದ ಮೇಲಿನ ‘ಸ’ದವರೆಗೆ: 262, 277, 330, 349, 392, 415, 494, 523 ಹರ್ಟ್ಸ್. ಎಂಟು ತುತ್ತಿಗೆ ಆರೋಹಣ ಮುಗಿಯುತ್ತದೆ. ‘ನಿ’ಯವರೆಗೆ ಬಂದ ಮಗು ಮೇಲಿನ ‘ಸ’ ಕೇಳದೆ ಏಳುವುದು ಅಪರೂಪ. ಆದರೆ ಸ್ವರದಿಂದ ಸ್ವರಕ್ಕೆ ಕನಿಷ್ಠ 10 ಸೆಕೆಂಡ್ ಬಿಡುವಿರಲಿ, ಇಲ್ಲವಾದರೆ ಅಗಿಯದೆ ನುಂಗುತ್ತಾರೆ. ಐದು ವರ್ಷದೊಳಗಿನವರಿಗೆ ಹಸಿ ಕ್ಯಾರೆಟ್ ಬಿಲ್ಲೆ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೇಯಿಸಿ ಉದ್ದುದ್ದ ಸೀಳಿ.

ಮುದ್ದೆ, ಬಸ್ಸಾರಿಗೆ ಇದನ್ನು ತರಬೇಡಿ, ಅದು ಕೈಯೂಟ. ಒಲ್ಲದ ಒಂದೇ ತರಕಾರಿಗೆ, ಅದೂ ಮೊದಲ ಎಂಟು ತುತ್ತಿಗೆ ಸಾಕು. ಹೊಸ ರುಚಿ ನಾಲಿಗೆಗೆ ಒಗ್ಗಲು ಎಂಟು ಹತ್ತು ಸಲವಾದರೂ ತಿಂದು ನೋಡಬೇಕಾಗುತ್ತದೆ. ಅಲ್ಲಿಯವರೆಗೆ ಸ್ವರ ಇರಲಿ, ಆಮೇಲೆ ಸೆಲ್ ತೆಗೆದು ಅದೇ ಫೋರ್ಕ್ ಕೊಟ್ಟು ನೋಡಿ.