ಇಸ್ರೋದಲ್ಲಿ ಎಂಜಿನಿಯರ್ ಹುದ್ದೆ: ಅಧಿಸೂಚನೆಯಿಂದ ಸಂದರ್ಶನದವರೆಗೆ

ಬಿ.ಇ. ಅಥವಾ ಬಿ.ಟೆಕ್. ಮುಗಿಸಿದವರು ಇಸ್ರೋ ಸೇರಲು ಇರುವ ಮುಖ್ಯ ದಾರಿ ‘ವಿಜ್ಞಾನಿ/ಎಂಜಿನಿಯರ್ ಎಸ್‌ಸಿ’ ಹುದ್ದೆ. ಈ ‘ಎಸ್‌ಸಿ’ ಎಂಬುದು ಹುದ್ದೆಯ ದರ್ಜೆಯ ಗುರುತು, ಮೀಸಲಾತಿಗೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಸಾಮಾನ್ಯ ವರ್ಗದವರು ತಮಗಲ್ಲವೆಂದು ಪುಟ ತಿರುಗಿಸಬೇಕಿಲ್ಲ. ಏಳನೇ ವೇತನ ಆಯೋಗದ ಹತ್ತನೇ ಹಂತದ ಈ ಹುದ್ದೆಯ ಮೂಲವೇತನ ತಿಂಗಳಿಗೆ 56,100 ರೂಪಾಯಿಯಿಂದ ಆರಂಭವಾಗುತ್ತದೆ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆಗಳು ಇದಕ್ಕೆ ಸೇರುತ್ತವೆ.

ಬೆಂಗಳೂರಿನ ನ್ಯೂ ಬಿಇಎಲ್ ರಸ್ತೆಯಲ್ಲಿರುವ ಅಂತರಿಕ್ಷ ಭವನದಿಂದ ಕೆಲಸ ಮಾಡುವ ಇಸ್ರೋ ಕೇಂದ್ರೀಕೃತ ನೇಮಕಾತಿ ಮಂಡಳಿ, ಅಂದರೆ ಐಸಿಆರ್‌ಬಿ, ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಮತ್ತು ಕಂಪ್ಯೂಟರ್ ಸೈನ್ಸ್ ವಿಭಾಗಗಳಿಗೆ ಹೆಚ್ಚಾಗಿಯೂ, ಸಿವಿಲ್, ಎಲೆಕ್ಟ್ರಿಕಲ್ ಮುಂತಾದವುಗಳಿಗೆ ಆಗಾಗ್ಗೆಯೂ ಅರ್ಜಿ ಕರೆಯುತ್ತದೆ. ಇದಕ್ಕೆ ಪ್ರತಿವರ್ಷ ಇದೇ ತಿಂಗಳೆಂಬ ನಿಯಮವಿಲ್ಲ. ಇಸ್ರೋದ ಅಧಿಕೃತ ಜಾಲತಾಣದ ವೃತ್ತಿ ವಿಭಾಗವನ್ನು ವಾರಕ್ಕೊಮ್ಮೆಯಾದರೂ ನೋಡುವ ಅಭ್ಯಾಸವೇ ಇಲ್ಲಿ ಮೊದಲ ಹೆಜ್ಜೆ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಪ್ರಕಟಣೆಯನ್ನು ಆ ಜಾಲತಾಣದಲ್ಲಿ ಪರಿಶೀಲಿಸದೆ ನಂಬಬಾರದು.

ಅಧಿಸೂಚನೆ ಬಂದ ಮೇಲೆ ಮೊದಲು ಓದಬೇಕಾದದ್ದು ಅರ್ಹತೆಯ ಭಾಗ. ಸಾಮಾನ್ಯವಾಗಿ ಪ್ರಥಮ ದರ್ಜೆಯ ಜೊತೆಗೆ ಒಟ್ಟಾರೆ ಶೇ 65 ಅಂಕ ಅಥವಾ ಹತ್ತರ ಮಾಪನದಲ್ಲಿ 6.84 ಸಿಜಿಪಿಎ ಇರಬೇಕು. 65ನ್ನು 9.5ರಿಂದ ಭಾಗಿಸಿದರೆ ಸುಮಾರು ಇದೇ ಸಂಖ್ಯೆ ಸಿಗುತ್ತದೆ. ವಿಶ್ವವಿದ್ಯಾಲಯಗಳ ಪರಿವರ್ತನಾ ಸೂತ್ರಗಳು ಬೇರೆ ಬೇರೆ ಇರುವುದರಿಂದ, ತಮ್ಮದೇ ಲೆಕ್ಕದಲ್ಲಿ ಶೇಕಡಾವಾರು ತೆಗೆದು ತುಂಬುವ ಬದಲು ಅಂಕಪಟ್ಟಿಯಲ್ಲಿ ಇದ್ದುದನ್ನು ಇದ್ದ ಹಾಗೆಯೇ, ಅಧಿಸೂಚನೆ ಹೇಳಿದ ರೀತಿಯಲ್ಲಿ ದಾಖಲಿಸುವುದು ಕ್ಷೇಮ. ಅಂತಿಮ ವರ್ಷದ ವಿದ್ಯಾರ್ಥಿಗಳಿಗೂ ಅವಕಾಶವಿರುತ್ತದೆ, ಆದರೆ ನಿಗದಿತ ದಿನದೊಳಗೆ ಪದವಿ ಕೈಸೇರಬೇಕು. ಇತ್ತೀಚಿನ ಅಧಿಸೂಚನೆಗಳಲ್ಲಿ ವಯೋಮಿತಿ 28 ವರ್ಷ. ಮೀಸಲು ಹುದ್ದೆಗಳಿಗೆ ಅರ್ಜಿ ಹಾಕುವ ಒಬಿಸಿಯವರಿಗೆ 3 ವರ್ಷ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5 ವರ್ಷ ಸಡಿಲಿಕೆ ಇದೆ. ಒಬಿಸಿ ಪ್ರಮಾಣಪತ್ರ ಕೇಂದ್ರ ಸರ್ಕಾರದ ನಮೂನೆಯಲ್ಲಿಯೇ ಇರಬೇಕು. ರಾಜ್ಯದ ನಮೂನೆಯ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲವಾದ್ದರಿಂದ ತಹಶೀಲ್ದಾರ್ ಕಚೇರಿಯಲ್ಲಿ ಕೇಳುವಾಗಲೇ ಅದನ್ನು ಸ್ಪಷ್ಟಪಡಿಸಬೇಕು.

ಆಯ್ಕೆಯ ವಿಧಾನ ಎಲ್ಲ ಸಲವೂ ಒಂದೇ ಆಗಿರುವುದಿಲ್ಲ. 2025ರಲ್ಲಿ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಹಾಗೂ ಕಂಪ್ಯೂಟರ್ ಸೈನ್ಸ್ ಹುದ್ದೆಗಳಿಗೆ ಗೇಟ್ (ಎಂಜಿನಿಯರಿಂಗ್ ಪದವೀಧರರ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಂಕದ ಆಧಾರದ ಮೇಲೆ ಸಂದರ್ಶನಕ್ಕೆ ಕರೆಯುವ ಅಧಿಸೂಚನೆ ಹೊರಟಿತ್ತು. ಹಾಗಾಗಿ ಇಸ್ರೋದ ಮೇಲೆ ಕಣ್ಣಿಟ್ಟವರು ಗೇಟ್ ಪರೀಕ್ಷೆಯನ್ನು ಬಿಡದಿರುವುದು ಒಳಿತು. ಮಂಡಳಿಯೇ ಲಿಖಿತ ಪರೀಕ್ಷೆ ನಡೆಸಿದಾಗ ಅವಧಿ ಎರಡು ಗಂಟೆ. ಮೊದಲ ಭಾಗದಲ್ಲಿ ಆಯಾ ವಿಷಯದ 80 ಪ್ರಶ್ನೆಗಳಿಗೆ 80 ಅಂಕ, ಎರಡನೇ ಭಾಗದಲ್ಲಿ ತಾರ್ಕಿಕ ಸಾಮರ್ಥ್ಯದ 15 ಪ್ರಶ್ನೆಗಳಿಗೆ 20 ಅಂಕ. ಮೊದಲ ಭಾಗದ ಪ್ರತಿ ತಪ್ಪಿಗೆ ಮೂರನೇ ಒಂದು ಅಂಕ ಕಡಿತವಾಗುತ್ತದೆ, ಎರಡನೆಯದರಲ್ಲಿ ಕಡಿತವಿಲ್ಲ. ಆದ್ದರಿಂದ ಎರಡನೇ ಭಾಗದಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಮೊದಲ ಭಾಗದಲ್ಲಿ ನಾಲ್ಕು ಆಯ್ಕೆಗಳ ಪೈಕಿ ಒಂದನ್ನಾದರೂ ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದರೆ ಮಾತ್ರ ಊಹೆಯ ಉತ್ತರ ಲಾಭದಾಯಕ, ಅದೂ ಸಾಧ್ಯವಾಗದಿದ್ದರೆ ಲೆಕ್ಕ ಸರಾಸರಿ ಸೊನ್ನೆಗೇ ಬಂದು ನಿಲ್ಲುತ್ತದೆ.

ಲಿಖಿತ ಪರೀಕ್ಷೆಯಲ್ಲಿ ಮುಂದಿರುವವರನ್ನು ಹುದ್ದೆಯೊಂದಕ್ಕೆ ಐವರಂತೆ ಸಂದರ್ಶನಕ್ಕೆ ಕರೆಯುವುದು ವಾಡಿಕೆ. ಅಂತಿಮ ಪಟ್ಟಿಯಲ್ಲಿ ಎರಡಕ್ಕೂ ಸಮಾನ ತೂಕವಿರುವುದರಿಂದ ತಯಾರಿಯ ಬಹುಪಾಲು ಸಂದರ್ಶನಕ್ಕೇ ಸಲ್ಲಬೇಕೆಂಬುದು ಈ ಲೇಖಕನ ಅಭಿಪ್ರಾಯ. ಸಾಮಾನ್ಯ ಜ್ಞಾನದ ಪುಸ್ತಕಗಳನ್ನು ಉರು ಹೊಡೆದು, ಚಂದ್ರಯಾನ 3 ಇಳಿದ ದಿನಾಂಕವನ್ನು ಬಾಯಿಪಾಠ ಮಾಡಿಕೊಂಡು ಹೋಗುವವರಿದ್ದಾರೆ. ಸಂದರ್ಶಕರು ಹುಡುಕುವುದು ಅದನ್ನಲ್ಲ, ಅಭ್ಯರ್ಥಿಗೆ ತನ್ನ ವಿಷಯದ ಬುಡ ಎಷ್ಟು ಗಟ್ಟಿಯಾಗಿದೆ ಎಂಬುದನ್ನು.

ಮೆಕ್ಯಾನಿಕಲ್ ಅಭ್ಯರ್ಥಿಯೊಬ್ಬ ತನ್ನ ನೆಚ್ಚಿನ ವಿಷಯ ವಸ್ತುಗಳ ಬಲವಿಜ್ಞಾನ (ಸ್ಟ್ರೆಂತ್ ಆಫ್ ಮೆಟೀರಿಯಲ್ಸ್) ಎಂದನೆಂದುಕೊಳ್ಳೋಣ. ತೆಳುಗೋಡೆಯ ಸಿಲಿಂಡರಿನೊಳಗೆ ಒತ್ತಡ ತುಂಬಿದರೆ ಯಾವ ದಿಕ್ಕಿನಲ್ಲಿ ಬಿಗುಪು (ಸ್ಟ್ರೆಸ್) ಹೆಚ್ಚು ಎಂದು ಕೇಳಬಹುದು. ಸುತ್ತಳತೆಯ ದಿಕ್ಕಿನ ಬಿಗುಪು ಉದ್ದದ ದಿಕ್ಕಿನದಕ್ಕಿಂತ ಎರಡು ಪಟ್ಟು ಎಂದು ಹೇಳಿ ಮುಗಿಸಿದರೆ ಅದು ಪುಸ್ತಕದ ಉತ್ತರವಾಯಿತು. ಹಾಗಾದರೆ ಉದ್ದಕ್ಕೆ ಹಾಕಿದ ಬೆಸುಗೆ ಬಿಟ್ಟುಕೊಳ್ಳುವ ಅಪಾಯ ಹೆಚ್ಚೋ, ಸುತ್ತ ಹಾಕಿದ್ದೋ? 2.8 ಮೀಟರ್ ವ್ಯಾಸದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದ ಕವಚಕ್ಕೆ ಮ್ಯಾರೇಜಿಂಗ್ ಉಕ್ಕೆಂಬ ಅತಿ ಬಲಿಷ್ಠ ಮಿಶ್ರಲೋಹವನ್ನೇ ಏಕೆ ಬಳಸಿದ್ದಾರೆ? ಗೋಡೆಯ ದಪ್ಪ ಹೆಚ್ಚಿಸಿದರೆ ಏನು ನಷ್ಟ? ಒಂದೇ ಸೂತ್ರದಿಂದ ಹೊರಟ ಪ್ರಶ್ನೆಗಳು ಹೀಗೆ ವಸ್ತು, ತಯಾರಿಕೆ, ತೂಕಗಳವರೆಗೆ ಹೋಗುತ್ತವೆ. ಆದುದರಿಂದ ಹತ್ತು ವಿಷಯಗಳನ್ನು ಮೇಲುಮೇಲೆ ಓದುವುದಕ್ಕಿಂತ ಮೂರನ್ನು ಆರಿಸಿಕೊಂಡು, ಪ್ರತಿ ಸೂತ್ರದ ಹಿಂದಿನ ಊಹೆಗಳೇನು, ಅದು ಎಲ್ಲಿ ಸುಳ್ಳಾಗುತ್ತದೆ ಎಂಬುದನ್ನು ಗೆಳೆಯರ ಎದುರು ಬಾಯಿಬಿಟ್ಟು ವಿವರಿಸುವುದು ಒಳ್ಳೆಯ ಅಭ್ಯಾಸ. ಅಂತಿಮ ವರ್ಷದ ಪ್ರಾಜೆಕ್ಟ್ ಬಗ್ಗೆಯೂ ಇದೇ ಮಾತು: ಹಣ ಕೊಟ್ಟು ತಂದ ಪ್ರಾಜೆಕ್ಟಿನ ಗುಟ್ಟು ಮೂರನೆಯ ಪ್ರಶ್ನೆಗೇ ಬಯಲಾಗುತ್ತದೆ. ಗೊತ್ತಿಲ್ಲದಾಗ ಗೊತ್ತಿಲ್ಲವೆಂದು ಹೇಳಿ, ಯಾವ ದಿಕ್ಕಿನಲ್ಲಿ ಯೋಚಿಸಬಹುದೆಂದು ಸೂಚಿಸುವುದರಿಂದ ಹಾನಿಯಿಲ್ಲ.

ಆಯ್ಕೆಯಾದವರನ್ನು ದೇಶದ ಯಾವ ಕೇಂದ್ರಕ್ಕಾದರೂ ನಿಯೋಜಿಸಬಹುದು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ ಅಥವಾ ಹಾಸನದ ಮುಖ್ಯ ನಿಯಂತ್ರಣ ಸೌಲಭ್ಯ ಸಿಗಲೆಂದು ಆಸೆಪಡಬಹುದಾದರೂ, ತಿರುವನಂತಪುರ, ಶ್ರೀಹರಿಕೋಟಾ, ಮಹೇಂದ್ರಗಿರಿ, ಅಹಮದಾಬಾದ್‌ಗಳಿಗೆ ಹೋಗಲು ಮನಸ್ಸು ಮಾಡಿಕೊಂಡೇ ಅರ್ಜಿ ಹಾಕಬೇಕು. ಎಂ.ಟೆಕ್. ಅಥವಾ ಪಿಎಚ್.ಡಿ. ಇದ್ದವರು ಮಂಡಳಿಯ ಅಧಿಸೂಚನೆಗೆ ಮಾತ್ರ ಕಾಯದೆ, ಈ ಕೇಂದ್ರಗಳು ತಾವೇ ಹೊರಡಿಸುವ ಪ್ರಕಟಣೆಗಳನ್ನೂ ಗಮನಿಸಬೇಕು. ಇನ್ನೂ ಪಿಯುಸಿಯಲ್ಲಿರುವವರಿಗೆ, ಜೆಇಇ ಅಡ್ವಾನ್ಸ್ಡ್ ಮೂಲಕ ಪ್ರವೇಶ ಕೊಡುವ, 2007ರಲ್ಲಿ ಆರಂಭವಾದ ತಿರುವನಂತಪುರದ ಭಾರತೀಯ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ದಾರಿಯೂ ಇದೆ.