ಬಸ್ಸು–ರೈಲು ಓಡಿಸಲು ರಾಜ್ಯದ ಹೊಸ ತೆರಿಗೆ: ಊರಿನ ಕೌನ್ಸಿಲ್ ಉತ್ತರ ಕೊಡುವುದು ಹೇಗೆ?

ಅಮೆರಿಕದ ಹಲವು ರಾಜ್ಯಗಳಲ್ಲಿ ಈಗ ಇದೇ ಮಾತು. ಕೋವಿಡ್ ಕಾಲದಲ್ಲಿ ಬಸ್ಸು, ರೈಲುಗಳು ಖಾಲಿ ಓಡಿದವು. 2020 ಮತ್ತು 2021ರಲ್ಲಿ ಫೆಡರಲ್ ಸರ್ಕಾರ ಮೂರು ಕಾಯ್ದೆಗಳ ಮೂಲಕ ಸುಮಾರು 6,900 ಕೋಟಿ ಡಾಲರ್ ಕೊಟ್ಟು ಅವು ನಿಲ್ಲದಂತೆ ನೋಡಿಕೊಂಡಿತು. ಆ ದುಡ್ಡು ಖರ್ಚಾಗುತ್ತಾ ಬಂತು, ಪ್ರಯಾಣಿಕರು ಮಾತ್ರ ಪೂರ್ತಿ ವಾಪಸ್ ಬರಲಿಲ್ಲ. ಹಾಗಾಗಿ ಬಸ್ಸು, ರೈಲು ನಡೆಸುವ ಖರ್ಚಿಗೆ ರಾಜ್ಯಗಳು ಹೊಸ ತೆರಿಗೆಯ ಬಿಲ್ (ಮಸೂದೆ) ತರುತ್ತಿವೆ. ಇಂಥ ಬಿಲ್ ಬಂದಾಗ ಊರಿನ ಕೌನ್ಸಿಲ್ "ನಮಗೆ ಬೇಡ" ಎಂದು ಒಂದು ನಿರ್ಣಯ ಕಳಿಸಿ ಸುಮ್ಮನಾಗುವುದು ಸುಲಭ. ಆದರೆ ಬರೀ "ಬೇಡ" ಅಂದರೆ ಯಾರೂ ಕಿವಿಗೊಡುವುದಿಲ್ಲ. ಲೆಕ್ಕ ಮತ್ತು ಷರತ್ತು ಕೈಯಲ್ಲಿ ಹಿಡಿದು ಹೋಗಬೇಕು.

ಮೊದಲು ಬಿಲ್ ಓದಿ

ಪೇಪರಿನ ಸುದ್ದಿ ಸಾಲದು, ಬಿಲ್ಲನ್ನೇ ಓದಬೇಕು. ತೆರಿಗೆ ಯಾವುದರ ಮೇಲೆ, ಎಷ್ಟು ವರ್ಷ, ಪಾಲು ಹಂಚುವವರು ಯಾರು ಎಂದು ಗುರುತು ಹಾಕಿಕೊಳ್ಳಿ. ಬಿಲ್ ನಡುವೆ ಬದಲಾಗುತ್ತಲೂ ಇರುತ್ತದೆ. ಇಲಿನಾಯ್ಸ್‌ನಲ್ಲಿ 2025ರ ಮೇನಲ್ಲಿ ರಾಜ್ಯದ ಮೇಲ್ಮನೆಯಾದ ಸೆನೆಟ್ ಒಪ್ಪಿದ ಬಿಲ್ಲಿನಲ್ಲಿ ಮನೆಗೆ ತಲುಪಿಸುವ ಸಾಮಾನಿನ ಮೇಲೆ ಡೆಲಿವರಿಗೆ 1.50 ಡಾಲರ್ ಶುಲ್ಕವಿತ್ತು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಪಾಸಾದ ಬಿಲ್ಲಿನಲ್ಲಿ ಆ ಶುಲ್ಕ ಮಾಯವಾಗಿ, ಚಿಕಾಗೋ ಸುತ್ತಲಿನ ಆರು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಮಾರಾಟ ತೆರಿಗೆ ಶೇ 0.25ರಷ್ಟು ಏರಿತ್ತು. ಮೇನಲ್ಲಿ ಬರೆದ ಆಕ್ಷೇಪ ಅಕ್ಟೋಬರ್‌ಗೆ ಹೊಂದುತ್ತಲೇ ಇರಲಿಲ್ಲ, ಅಲ್ವಾ? ಅದಕ್ಕೇ ನಿರ್ಣಯದಲ್ಲಿ ಬಿಲ್ ಸಂಖ್ಯೆಯ ಜೊತೆ ತಿದ್ದುಪಡಿಯ ಸಂಖ್ಯೆಯನ್ನೂ ಬರೆಯಿರಿ.

ನಂತರ ಒಂದು ಹಾಳೆಯ ಲೆಕ್ಕ

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿ. ಹಾಳೆಯ ಮೇಲೆ ಮೂರು ಅಂಕಿ ಬೇಕು.

ನಮ್ಮ ಊರಿನಿಂದ ಹೋಗುವುದು ಎಷ್ಟು? ವರ್ಷಕ್ಕೆ 40 ಕೋಟಿ ಡಾಲರ್ ವ್ಯಾಪಾರಕ್ಕೆ ತೆರಿಗೆ ಬೀಳುವ ಊರು ಎಂದಿಟ್ಟುಕೊಳ್ಳಿ. ಶೇ 0.25 ಅಂದರೆ 10 ಲಕ್ಷ ಡಾಲರ್. 80 ಡಾಲರ್ ಸಾಮಾನು ಕೊಂಡವರಿಗೆ 20 ಸೆಂಟ್ ಜಾಸ್ತಿ. ದೊಡ್ಡ ಮಾಲ್ ಇದ್ದರೆ ಇದರಲ್ಲಿ ಒಂದಿಷ್ಟು ಪಕ್ಕದ ಊರಿನವರ ಜೇಬಿನಿಂದ ಬರುತ್ತದೆ. ಅದನ್ನೂ ಬರೆಯಿರಿ.

ನಮಗೆ ಬರುವುದು ಏನು? ಇದಕ್ಕೆ ಕಚೇರಿಯಲ್ಲಿ ಕೂತರೆ ಆಗುವುದಿಲ್ಲ. ಬೆಳಗಿನ ಜಾವ ಐದೂವರೆಗೆ ಬಸ್ ಸ್ಟಾಪಿಗೆ ಹೋಗಿ ನಿಲ್ಲಿ. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿದವರು, ಹೋಟೆಲ್ ಅಡುಗೆಮನೆಗೆ ಹೊರಟವರು, ಕಾರಿಲ್ಲದ ಕಾಲೇಜು ಹುಡುಗರು ಎಷ್ಟು ಜನ ಎಂದು ಎಣಿಸಿ. ಮುಂದಿನ ಬಸ್ ಎಷ್ಟು ಹೊತ್ತಿಗೆ ಬಂತು ಎಂದೂ ಗುರುತು ಮಾಡಿ. ಒಂದು ವಾರ ಹೀಗೆ ಬರೆದಿಟ್ಟ ಪಟ್ಟಿ ಕೌನ್ಸಿಲ್ ಸಭೆಯ ಮಾತಿನ ದಾರಿಯನ್ನೇ ಬದಲಿಸಬಲ್ಲದು.

ತೆರಿಗೆ ಬಾರದಿದ್ದರೆ ಏನಾಗುತ್ತದೆ? ಪೆನ್ಸಿಲ್ವೇನಿಯಾದಲ್ಲಿ ಶಾಸನಸಭೆ ಹಣದ ದಾರಿ ಒಪ್ಪಿಕೊಳ್ಳದೆ ಹೋಯಿತು. 2025ರ ಆಗಸ್ಟ್ 24ರಂದು ಅಲ್ಲಿನ ಫಿಲಡೆಲ್ಫಿಯಾ ನಗರದಲ್ಲಿ 32 ಬಸ್ ಮಾರ್ಗಗಳು ನಿಂತವು. ಮರುದಿನವೇ ಶಾಲೆ ಶುರು. ಕೋರ್ಟ್ ಆದೇಶ ಬಂದು ಸೇವೆ ಮತ್ತೆ ಆರಂಭವಾಗುವ ಹೊತ್ತಿಗೆ ಸೆಪ್ಟೆಂಬರ್ ಮಧ್ಯ. ಮಕ್ಕಳ ಆ ದಿನಗಳು ಯಾವ ಬಜೆಟ್ ಪುಸ್ತಕದಲ್ಲೂ ಕಾಣುವುದಿಲ್ಲ. ನಿಮ್ಮ ಹಾಳೆಯಲ್ಲಾದರೂ ಕಾಣಲಿ.

ಷರತ್ತು ಹಾಕಿ

ಕ್ಯಾಲಿಫೋರ್ನಿಯಾ ಇಲ್ಲಿ ಒಳ್ಳೆಯ ಪಾಠ. 2025ರ ಸೆನೆಟ್ ಬಿಲ್ 63, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಮಾರಾಟ ತೆರಿಗೆಯನ್ನು 2026ರ ನವೆಂಬರ್‌ನಲ್ಲಿ ಮತದಾರರ ಮುಂದಿಡಲು ದಾರಿ ಮಾಡಿತು. ಸ್ಯಾನ್ ಮಟೇಯೊ, ಸಾಂಟಾ ಕ್ಲಾರಾ ಕೌಂಟಿಗಳಿಗೆ ಸೇರುವ, ಬಿಡುವ ಆಯ್ಕೆ ಇತ್ತು. ಚರ್ಚೆ ಮಾಡಿ, ಚೌಕಾಸಿ ಮಾಡಿ, ಆಗಸ್ಟ್‌ನಲ್ಲಿ ಸೇರಿದವು. ಸ್ಯಾನ್ ಫ್ರಾನ್ಸಿಸ್ಕೋಗೆ ಶೇ 1, ಉಳಿದ ನಾಲ್ಕು ಕೌಂಟಿಗಳಿಗೆ ಶೇ 0.5, ಅವಧಿ 14 ವರ್ಷ ಎಂದಾಯಿತು. ಅಂದರೆ ಎಲ್ಲರಿಗೂ ಒಂದೇ ದರ ಇರಲೇಬೇಕು ಎಂದಿಲ್ಲ, ತೆರಿಗೆಗೆ ಕೊನೆಯ ದಿನವನ್ನೂ ಕೇಳಬಹುದು. ನನ್ನನ್ನು ಕೇಳಿದರೆ ಇನ್ನೂ ಎರಡು ಸೇರಿಸುತ್ತೇನೆ: ನಮ್ಮ ಊರಿಗೆ ಇಷ್ಟು ಬಸ್ ಖಾತ್ರಿ ಎಂಬ ಬರಹ, ಮತ್ತು ವರ್ಷಕ್ಕೊಮ್ಮೆ ಖರ್ಚಿನ ಲೆಕ್ಕ.

ಮತಕ್ಕೆ ಮೊದಲೇ ತಲುಪಿಸಿ

ನಿರ್ಣಯ ಪಾಸು ಮಾಡಿ, ನಿಮ್ಮ ಕ್ಷೇತ್ರದ ಶಾಸಕರಿಗೆ ಹಾಳೆ ಕೊಡಿ. ಅಕ್ಕಪಕ್ಕದ ಊರುಗಳು ಒಂದೇ ಪತ್ರಕ್ಕೆ ಸಹಿ ಹಾಕಿದರೆ ತೂಕ ಜಾಸ್ತಿ. ಇಲಿನಾಯ್ಸ್‌ನಲ್ಲಿ ಸಮಿತಿ ವಿಚಾರಣೆಗೆ ಮುಂಚೆ ಆನ್‌ಲೈನ್‌ನಲ್ಲಿ "ವಿಟ್ನೆಸ್ ಸ್ಲಿಪ್" ತುಂಬಿ ಪರ, ವಿರೋಧ ದಾಖಲಿಸಬಹುದು. ಊರಿನ ಯಾರು ಬೇಕಾದರೂ ತುಂಬಬಹುದು. ಬಸ್ ಸ್ಟಾಪಿನಲ್ಲಿ ಸಿಕ್ಕವರಿಗೆ ಇದನ್ನು ಹೇಳಿ.

ಬಿಲ್ ಪಾಸಾದ ಮೇಲೆ ಕುರ್ಚಿ

ದುಡ್ಡು ಹಂಚುವ ಮಂಡಳಿಯಲ್ಲಿ ಯಾರು ಕೂರುತ್ತಾರೆ ಎಂಬುದು ತೆರಿಗೆ ದರದಷ್ಟೇ ದೊಡ್ಡ ವಿಷಯ. ಇಲಿನಾಯ್ಸ್‌ನ ಹೊಸ ಸಾರಿಗೆ ಪ್ರಾಧಿಕಾರದಲ್ಲಿ 20 ಸದಸ್ಯರು. ಗವರ್ನರ್, ಚಿಕಾಗೋ ಮೇಯರ್, ಚಿಕಾಗೋ ಇರುವ ಕುಕ್ ಕೌಂಟಿಯ ಅಧ್ಯಕ್ಷರು ತಲಾ ಐವರನ್ನು ನೇಮಿಸುತ್ತಾರೆ. ಉಳಿದ ಐದು ಕೌಂಟಿಗಳಿಗೆ ತಲಾ ಒಂದೇ ಕುರ್ಚಿ. ನಿಮ್ಮ ಕೌಂಟಿಯ ಆ ಒಬ್ಬರು ಯಾರು ಎಂದು ತಿಳಿದುಕೊಳ್ಳಿ. ಮೂರು ತಿಂಗಳಿಗೊಮ್ಮೆ ಅವರನ್ನು ಕೌನ್ಸಿಲ್ ಸಭೆಗೆ ಕರೆಯಿರಿ, ಅದೇ ಹಾಳೆಯನ್ನು ಅವರ ಮುಂದಿಡಿ, ಐದೂವರೆಯ ಬಸ್ ಈಗ ಎಷ್ಟು ಹೊತ್ತಿಗೆ ಬರುತ್ತಿದೆ ಎಂದು ಕೇಳಿ.