ಕೆರೆ ಹೂಳು, ಹೊಲದ ಬದು: ಒಂದು ಬೇಸಿಗೆಯ ನರೇಗಾ ಕೆಲಸ

ಕೊಪ್ಪಳದ ಕಡೆ ನಮ್ಮದು ಮಳೆ ನಂಬಿದ ಎರಡು ಎಕರೆ ಎರೆ ಹೊಲ. ಕಡಲೆ ಕಿತ್ತು ಒಕ್ಕಿದ ಮೇಲೆ ಮುಂಗಾರಿನವರೆಗೆ ಕೆಲಸವೂ ಇಲ್ಲ, ಕಾಸೂ ಇಲ್ಲ. 2024ರ ಬೇಸಿಗೆಯಲ್ಲಿ ಗುಳೆ ಹೋಗುವುದು ಬೇಡ ಅಂತ ನಾನೂ ಹೆಂಡತಿಯೂ ಉದ್ಯೋಗ ಖಾತ್ರಿಗೆ ಇಳಿದೆವು.

ಜಾಬ್ ಕಾರ್ಡ್ ಇದ್ದರೆ ಕೆಲಸ ತಾನೇ ಬರುತ್ತದೆ ಅಂದುಕೊಂಡಿದ್ದೆ. ಬರುವುದಿಲ್ಲ. ಪಂಚಾಯಿತಿಯಲ್ಲಿ ಬಾಯಿಮಾತಲ್ಲಿ ಕೇಳಿ ಬಂದೆ, ಮೂರು ವಾರ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ನಮೂನೆ 6ರಲ್ಲಿ ಅರ್ಜಿ ಕೊಟ್ಟು, ತಾರೀಖು ಹಾಕಿದ ರಸೀದಿ ಇಸಿದುಕೊಂಡೆ. ಆ ತಾರೀಖಿನಿಂದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಆಗಿನ ಕಾಯ್ದೆಯಲ್ಲೇ ಇತ್ತು. ಹತ್ತನೇ ದಿನಕ್ಕೆ ಎನ್‌ಎಂಆರ್, ಅಂದರೆ ಕೆಲಸದ ಹಾಜರಿ ಪಟ್ಟಿ, ತೆಗೆದರು. ಇನ್ನೊಂದು ಮಾತು, ಆಗ ವರ್ಷಕ್ಕೆ 100 ದಿನ ಅನ್ನುವುದು ಮನೆಗೆ ಲೆಕ್ಕವಾಗಿತ್ತು, ಆಳಿಗಲ್ಲ. ಇಬ್ಬರೂ ಹೋದರೆ 50 ದಿನಕ್ಕೇ ಮುಗಿಯುತ್ತಿತ್ತು.

ಮೊದಲು ಕೆರೆ ಹೂಳೆತ್ತುವ ಕೆಲಸ. ಆಗ ದಿನಕ್ಕೆ 349 ರೂಪಾಯಿ ಕೂಲಿ ಇತ್ತು. ಆದರೆ ಅದು ಹಾಜರಿಗೆ ಬರುವ ದುಡ್ಡಲ್ಲ, ಅಗೆದ ಮಣ್ಣಿನ ಅಳತೆಗೆ ಬರುವುದು. ಮೊದಲ ವಾರ ನಮ್ಮ ಗುಂಪು ಮೈ ಮುರಿದು ದುಡಿದರೂ ಕೂಲಿ ಕಡಿಮೆ ಬಿತ್ತು. ಕಾರಣ ಆಮೇಲೆ ಗೊತ್ತಾಯಿತು. ಕೆರೆಯಂಗಳ ಮೊದಲೇ ಏರುತಗ್ಗು. ನಾವು ಪೂರ್ತಿ ಸಪಾಟಾಗಿ ಅಗೆದುಬಿಟ್ಟಿದ್ದೆವು. ಎಷ್ಟು ಆಳ ಹೋಗಿದೆ ಅಂತ ತೋರಿಸಲು ಗುರುತೇ ಉಳಿದಿರಲಿಲ್ಲ. "ನಡುವ ಒಂದ್ ದಿಬ್ಬ ಬಿಡ್ರಪ್ಪಾ, ಹಳೇ ನೆಲ ಕಾಣ್ಲಿ" ಅಂದಳು ಗುಂಪಿನ ಹಿರಿಯ ಅಜ್ಜಿ. ಅದನ್ನು ಮೊದಲೇ ಹೇಳಬಾರದಿತ್ತಾ ಅನ್ನಿಸಿತು! ಅವತ್ತಿನಿಂದ ಪ್ರತಿ ಗುಂಡಿಯಲ್ಲೂ ದಿಬ್ಬ ಬಿಟ್ಟೆವು, ಮನೆಗೆ ಹೊರಡುವ ಮುಂಚೆ ನಾವೇ ಟೇಪು ಹಿಡಿದು ಬರೆದಿಟ್ಟೆವು. ಎಂಜಿನಿಯರ್ ಅಳತೆಗೂ ನಮ್ಮದಕ್ಕೂ ಆಮೇಲೆ ಜಾಸ್ತಿ ವ್ಯತ್ಯಾಸ ಬರಲಿಲ್ಲ.

ನಸುಕಿನಲ್ಲೇ ಹೋಗುತ್ತಿದ್ದೆವು. ಹಾಜರಿಗೆ ಮೊಬೈಲಿನಲ್ಲಿ ಎರಡು ಸಲ ಫೋಟೊ. ಎರಡನೆಯದು ಆದ ಮೇಲೆ ಮನೆ, ಆಡು, ಮೇವು. ದುಡ್ಡು ಆಧಾರ್ ಜೋಡಿಸಿದ ಖಾತೆಗೇ ಬರುತ್ತಿತ್ತು. ನನ್ನದು ಯಾವಾಗಲೋ ತೆಗೆದು ಮರೆತ ಖಾತೆಗೆ ಹೋಗಿ ಕೂತಿತ್ತು!

ಉಳಿದ ದಿನಗಳಲ್ಲಿ ನಮ್ಮ ಹೊಲಕ್ಕೇ ಬದು ಹಾಕಿದೆವು. ಸಣ್ಣ ರೈತರಿಗೆ ಸ್ವಂತ ಜಮೀನಿನ ಕೆಲಸಕ್ಕೂ ಇದರಲ್ಲಿ ಕೂಲಿ ಇತ್ತು, ಆದರೆ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಹೆಸರು ಇರಬೇಕಿತ್ತು. ಹಿಂದಿನ ವರ್ಷದ ಗ್ರಾಮಸಭೆಯಲ್ಲೇ ಹೆಂಡತಿ ಬರೆಸಿಟ್ಟಿದ್ದಳು. ನಾನು ಆ ದಿನ ಸಭೆಗೇ ಹೋಗಿರಲಿಲ್ಲ. ಎಂಜಿನಿಯರ್ ಇಳಿಜಾರಿಗೆ ಅಡ್ಡಲಾಗಿ ಗೆರೆ ಹಾಕಿಸಿದರು, ಕಂದಕ ತೋಡಿದ ಮಣ್ಣನ್ನು ಅದರ ಕೆಳಮಗ್ಗುಲಿಗೆ ಏರಿಸಿದೆವು. ಬೇಸಿಗೆಯ ಎರೆ ಮಣ್ಣು ಕಲ್ಲಿನ ಹಾಗೆ. ಹಾರೆ ಇಲ್ಲದೆ ಹೆಂಟೆ ಏಳುತ್ತಿರಲಿಲ್ಲ.

ಮೊದಲ ದೊಡ್ಡ ಮಳೆಗೆ ಕಂದಕ ತುಂಬಿತು. ಕೆಳಗಿನ ಬದು ಮಾತ್ರ ಒಂದು ಕಡೆ ಒಡೆಯಿತು. ಹೆಚ್ಚಾದ ನೀರು ಹೋಗಲು ಕೋಡಿ ಬಿಟ್ಟಿರಲಿಲ್ಲ. ಎರಡು ದಿನ ಕಲ್ಲು ಹೊತ್ತು ಕೋಡಿ ಕಟ್ಟಿದೆವು. ಅದಕ್ಕೆ ಕೂಲಿ ಯಾರೂ ಕೊಡಲಿಲ್ಲ. ಹೋಗಲಿ, ಹೊಲ ನಮ್ಮದೇ ಅಲ್ವಾ.